ಮಡಚದ ಕಾಲು

ಊರ ಗೌಡರಾದ ಜಯದೇವಪ್ಪನವರು ಎರಡೂ ಕೈಯಿಂದ ಮಂಡಿಯನ್ನು ಮತ್ತೊಮ್ಮೆ ಒತ್ತಿದರು. ಶವದ ಬಲಗಾಲು ಮಡಚಲಿಲ್ಲ.

"ಒಳಗೆ ರಾಡ್ ಐತೆ ರೀ," ಎಂದಳು ಪ್ರಮೀಳಾ. "ನಾನು ಮದುವೆಯಾಗಿ ಬಂದಾಗ್ಲೇ ಮಡಚ್ತಿರಲಿಲ್ಲ."

ಚನ್ನಗಿರಿಯ ಆ ಮನೆಯ ಪಡಸಾಲೆಯಲ್ಲಿ ಅವಳ ಗಂಡ ಮಹಾಂತೇಶನನ್ನು ಗೋಡೆಗೆ ಒರಗಿಸಿ, ಎದೆಗೆ ಪಂಚೆ ಬಿಗಿದು ಕೂರಿಸಿದ್ದರು. ಎಡಗಾಲು ಪದ್ಮಾಸನಕ್ಕೆ ಬಂದಿತ್ತು. ಬಲಗಾಲು ಬಾಗಿಲ ಕಡೆ ನೇರ ಚಾಚಿತ್ತು. ಹಾರ ತಂದವರು ಅದನ್ನು ಬಳಸಿಕೊಂಡು ಬರುತ್ತಿದ್ದರು.

"ಮದುವೆ ಪಂಕ್ತಿಯಾಗೂ ಇವನ ಕಾಲಿಗೇ ಒಂದು ಎಲೆ ಜಾಗ ಬೇಕಾಗ್ತಿತ್ತು," ಎಂದ ಗೆಳೆಯ ಬೆನಕಪ್ಪ. ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

ಜಯದೇವಪ್ಪ ನಗಲಿಲ್ಲ. "ನಮ್ಮಲ್ಲಿ ಕೂರ್ಸಿ ಮಣ್ಣು ಮಾಡ್ಬೇಕಮ್ಮ. ಹಿಂಗೆ ಕಾಲು ಚಾಚಿ ಕಳಿಸಿದ್ರೆ ಊರಿನ ಮರ್ಯಾದೆ ಏನು? ಮಂಡಿಗೆ ಒಂದೇಟು ಹಾಕಿದ್ರೆ ಆತು. ಅವನಿಗೇನು ಗೊತ್ತಾಗ್ತೈತಾ? ಬೆನಕ, ಹಾರೆ ತಾರೋ."

*

ಮದುವೆಗೂ ಮುಂಚೆ, ಹೊನ್ನಾಳಿಯ ಮೈದಾನದಲ್ಲಿ ಫೈನಲ್ ಇದ್ದ ದಿನ ಮಹಾಂತೇಶನ ಮಂಡಿ ಬಾತುಕೊಂಡಿತ್ತು. ಬೆಂಗಳೂರಿನ ಇಲಾಖೆಯೊಂದರ ಫುಟ್‌ಬಾಲ್ ತಂಡ ಅವನನ್ನು ಕೆಲಸ ಕೊಟ್ಟು ಕರೆದಿತ್ತು. ಮುಂದಿನ ವಾರ ಹೋಗಬೇಕಿತ್ತು. ಆಡುವುದಿಲ್ಲ ಎಂದ.

"ಇದೊಂದು ಮ್ಯಾಚ್ ಆಡಪ್ಪ, ಊರಿನ ಮರ್ಯಾದೆ," ಎಂದಿದ್ದರು ಚನ್ನಗಿರಿ ಫುಟ್‌ಬಾಲ್ ಸಂಘದ ಅಧ್ಯಕ್ಷ ಜಯದೇವಪ್ಪ.

ಅವನು ಇಂಜೆಕ್ಷನ್ ಹಾಕಿಸಿಕೊಂಡು ಆಡಿದ. ಗೋಲು ಹೊಡೆದ ಗಳಿಗೆಯಲ್ಲೇ ಮಂಡಿ ಪುಡಿಯಾಯಿತು. ಊರು ಅವನನ್ನು ಟ್ರ್ಯಾಕ್ಟರ್ ಮೇಲೆ ಮಲಗಿಸಿ ಮೆರವಣಿಗೆ ಮಾಡಿತು.

ಆಮೇಲೆ ಚನ್ನಗಿರಿಯ ಮೈದಾನದ ಪಕ್ಕ ಪಂಕ್ಚರ್ ಅಂಗಡಿ ಹಾಕಿದ. ಬೆಳಗಾದರೆ ಮಕ್ಕಳು ಚೆಂಡು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಎತ್ತರದ ಸ್ಟೂಲಿನ ಮೇಲೆ ಕೂತು ಕಲಿಸಿದ. ಜಗಳೂರಿನಿಂದ ಬಸ್ಸಿನಲ್ಲಿ ಬರುವ ಹುಡುಗಿಯರಿಗೆ ಊಟ ಹಾಕಿದ. ಒಮ್ಮೆ ಹೆಂಡತಿಯ ಊರು ನ್ಯಾಮತಿಗೆ ಅಂಗಡಿ ಸಾಗಿಸಿದಾಗ, ಚನ್ನಗಿರಿಯ ಜನ ಗೂಡ್ಸ್ ಆಟೊದೊಂದಿಗೆ ಬಂದು ಸಾಮಾನು ಸಮೇತ ವಾಪಸ್ ಕರೆದೊಯ್ದರು. ದಾರಿಯುದ್ದಕ್ಕೂ ಅವನಿಗೆ ಜೈಕಾರ.

"ಬಿಡಾಕಿಲ್ಲ ಕಣೇ ಇವ್ರು," ಎಂದಿದ್ದ ಪ್ರಮೀಳಾಳಿಗೆ, ಜನರತ್ತ ಕೈ ಬೀಸುತ್ತ.

*

ಬೆನಕಪ್ಪ ಹಾರೆ ತಂದ.

"ಒಳಗೆ ಹೋಗವ್ವ, ನೋಡಬ್ಯಾಡ," ಹೆಂಗಸರು ಪ್ರಮೀಳಾಳ ತೋಳು ಹಿಡಿದರು. ಹಿಂದೆ ಗೋಡೆ, ಮುಂದೆ ಜನ. ಅವಳು ಕೊಸರಿಕೊಂಡು ಕುಸಿದು ಕೂತಳು. ಗಂಡನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಆವತ್ತು ಇವ್ರಿಗೆ ನಿಮ್ಮ ಮಾತು ಮೀರಾಕೆ ಆಗ್ಲಿಲ್ಲ, ಗೌಡ್ರೆ. ನಾನು ಮೀರ್ತೀನಿ. ಅಯ್ನೋರೇ, ಕಾಲು ಮುರೀರಿ ಅಂತ ಶಾಸ್ತ್ರ ಐತಾ?"

ವಿಭೂತಿ ತೇಯುತ್ತಿದ್ದ ಅಯ್ಯನವರು ತಲೆ ಎತ್ತಿದರು. "ಕೂರ್ಸಿ ಅಂತ ಐತೆ. ಗುಂಡಿ ಇಷ್ಟೇ ಇರ್ಬೇಕು ಅಂತ ಇಲ್ಲ."

ಜಯದೇವಪ್ಪ ಬಾಯಿ ತೆರೆದರು. ಬೆನಕಪ್ಪ ಹಾರೆಯನ್ನು ಹೆಗಲಿಗಿಟ್ಟು ಸ್ಮಶಾನದ ಕಡೆ ಹೊರಟಾಗಿತ್ತು.

*

ಗುಂಡಿಯ ಎದುರು ಗೋಡೆಯಲ್ಲಿ ಬೆನಕಪ್ಪ ಕಾಲಿಗೆಂದು ಮೇಲೆ ತೆರೆದ ಕಿರಿದಾದ ಓಣಿ ಕೊರೆದಿದ್ದ. ಮಹಾಂತೇಶನನ್ನು ಇಳಿಸಿ ಕೂರಿಸಿದರು. ಕಾಲು ನೆಟ್ಟಗೆ ಅದರೊಳಗೆ ಹೋಯಿತು, ಅತ್ತಿತ್ತ ಅಲುಗದಂತೆ. ಅಳತೆ ತಪ್ಪಿ ಬೆನಕಪ್ಪ ತುಸು ಹೆಚ್ಚೇ ಕೊರೆದಿದ್ದ. ಪಾದದ ಮುಂದೆ ಒಂದು ಚೆಂಡು ಹಿಡಿಯುವಷ್ಟು ಜಾಗ ಖಾಲಿ ಇತ್ತು.

ಮಣ್ಣು ಎಳೆದಾಗ ಮೊದಲು ತುಂಬಿದ್ದು ಅದೇ.