ಶಕ್ತಿ ಮಾತ್ರೆ

ಆ ಹೆಸರಿಟ್ಟವಳು ನಾನೇ. ಬೇರೆಯವರಿಗೆ ಉಗಿಯುವ ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇನೆ.

ಬಸುರಿಯರ ಹೊಸ ಮಾತ್ರೆ ನಮ್ಮ ಆಸ್ಪತ್ರೆಗೆ ಬರಲು ನಾಲ್ಕು ವರ್ಷ ಹಿಡಿಯಿತು. ಮೊದಲಿದ್ದದ್ದು ಬರೀ ಕಬ್ಬಿಣದ ಮಾತ್ರೆ. ಇದರಲ್ಲಿ ಕಬ್ಬಿಣವೂ ಸೇರಿ ಹದಿನೈದು ಬಗೆಯ ಸತ್ವ. ಅರ್ಜಿ ಬರೆದು ಬರೆದು ನನ್ನ ಕೈ ಸೋತಿತ್ತು. ಕೊನೆಗೆ ಡಬ್ಬಿಗಳು ಬಂದ ದಿನ, ಅವುಗಳ ಮೇಲಿದ್ದ ಮಾರುದ್ದದ ಹೆಸರು ನರ್ಸಾದ ನನಗೇ ಬಾಯಿಗೆ ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ಬಸುರಿಯರು, ಅವರನ್ನು ಕರೆತಂದ ಅತ್ತೆಯರು. "ಏನಿದು ಸಿಸ್ಟರ್?" ಎಂದು ಕೇಳಿದರು. "ಶಕ್ತಿ ಮಾತ್ರೆ" ಎಂದುಬಿಟ್ಟೆ. ಎಲ್ಲರ ಮುಖವೂ ಅರಳಿತು. ನಾನು ಎಷ್ಟು ಜಾಣೆ ಎಂದು ನನಗೇ ಅನ್ನಿಸಿತ್ತು.

ತಿಂಗಳಿಗೊಂದು ಡಬ್ಬಿ, ಅದರಲ್ಲಿ ಮೂವತ್ತು ಮಾತ್ರೆ. ಖಾಲಿ ಡಬ್ಬಿ ತಂದವರಿಗೆ ಮಾತ್ರ ಹೊಸದು ಕೊಡುವುದು ನಮ್ಮ ಕ್ರಮ. ಎಲ್ಲರೂ ತಪ್ಪದೆ ಖಾಲಿ ಡಬ್ಬಿ ತಂದರು. ಮೇಲಿನ ಅಧಿಕಾರಿ ಬಂದು, ನೂರಕ್ಕೆ ನೂರು ಎಂದು ಬೆನ್ನು ತಟ್ಟಿ ಹೋದರು. ನಾನು ಉಬ್ಬಿಹೋದೆ.

ನನ್ನ ಸ್ವಂತ ಅಕ್ಕನ ಸೊಸೆಯೂ ಆಗ ಬಸುರಿ. ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ದಿನವಿಡೀ ನಿಂತು ಒದ್ದೆ ಚಾದರ ಎತ್ತಬೇಕು. ಅವಳ ಡಬ್ಬಿಯನ್ನು ಅಕ್ಕನೇ ಬಂದು ಒಯ್ಯುತ್ತಿದ್ದಳು. ಹನ್ನೊಂದರ ಮೇಲಿರಬೇಕಾದ ರಕ್ತದ ಅಂಶ ಆ ಹುಡುಗಿಗೆ ಐದನೇ ತಿಂಗಳಲ್ಲಿ ಒಂಬತ್ತೂವರೆ ಇತ್ತು. ಎರಡು ಡಬ್ಬಿ ಮುಗಿದು ಏಳನೇ ತಿಂಗಳಿಗೆ ಬಂದಾಗ ಎಂಟೂಕಾಲು. ಮಾತ್ರೆ ನುಂಗಿದವಳ ರಕ್ತ ಇಳಿಯುವುದು ಹೇಗೆ? ಪರೀಕ್ಷೆಯನ್ನು ಎರಡು ಸಲ ಮಾಡಿಸಿದೆ. ಈ ರಕ್ತದಲ್ಲಿ ಹೆರಿಗೆಗೆ ಹೋದರೆ ಅವಳು ಉಳಿಯುವುದು ಕಷ್ಟ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದರು.

ಆ ವಾರವೇ ಅವಳ ಗಂಡ ನನ್ನನ್ನು ಹುಡುಕಿಕೊಂಡು ಬಂದ. ಗೋದಾಮಿನಲ್ಲಿ ಮೂಟೆ ಹೊರುವ, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂಥ ಆಳು. ಬಾಗಿಲು ಮುಚ್ಚಿ ಪಿಸುಗುಟ್ಟಿದ.

"ಚಿಕ್ಕಮ್ಮ, ಎರಡು ತಿಂಗಳಿಂದ ಕಪ್ಪಗೆ ಹೋಗ್ತಿದೆ. ಟಾರು ಇದ್ದ ಹಾಗೆ. ಒಳಗೇನೋ ಕೊಳೀತಿದೆ ಅಂತ ಭಯ."

ಕಬ್ಬಿಣದ ಮಾತ್ರೆ ನುಂಗಿದರೆ ಮಲ ಹಾಗೆ ಕಪ್ಪಾಗುತ್ತದೆ.

"ಏನ್ ತಿಂತಿದ್ದೀಯೋ?"

"ಏನೂ ಇಲ್ಲ. ಬೆಳಿಗ್ಗೆ ಅಮ್ಮ ಕೊಡೋ ಮಾತ್ರೆ ಒಂದು. ನಿಮ್ಮದೇ ಅಲ್ವಾ, ಶಕ್ತಿ ಮಾತ್ರೆ."

"ಅದು ನಿನ್ನ ಹೆಂಡ್ತಿದು ಕಣೋ."

"ಮನೆಗೆ ಬಂದಿದ್ದು ಅಂದ್ಕೊಂಡೆ" ಎಂದ ಆ ಮಹಾನುಭಾವ.

ಸಂಜೆ ಸೀದಾ ಅಕ್ಕನ ಮನೆಗೆ ಹೋದೆ. ಡಬ್ಬಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿತ್ತು, ಸೊಸೆಯ ಕೈಗೆ ಎಟುಕದಷ್ಟು ಎತ್ತರದಲ್ಲಿ. ಸೊಸೆ ಆಗಷ್ಟೇ ಕೆಲಸದಿಂದ ಬಂದು ಪಾತ್ರೆ ಉಜ್ಜುತ್ತಿದ್ದಳು. ಅವಳ ತುಟಿ ಗೋಡೆಯ ಸುಣ್ಣದಷ್ಟು ಬೆಳ್ಳಗಿತ್ತು.

"ಅವಳಿಗೂ ಕೊಡ್ತೀನಲ್ಲ, ಭಾನುವಾರ" ಎಂದಳು ಅಕ್ಕ. "ಮೂಟೆ ಹೊರೋನು ಅವನು. ಶಕ್ತಿ ಯಾರಿಗೆ ಬೇಕು, ನೀನೇ ಹೇಳು."

"ಹೆರಿಗೇಲಿ ಇವಳು ಉಳಿಯಲ್ಲ ಅಕ್ಕ. ಡಾಕ್ಟರ್ ಹೇಳಿದಾರೆ."

"ಡಾಕ್ಟರಿಗೇನು, ಬಾಯಿಗೆ ಬಂದಿದ್ದು ಹೇಳ್ತಾರೆ. ನಾನು ಮೂರು ಹೆತ್ತೆ. ಯಾವ ಮಾತ್ರೆ ನುಂಗಿದ್ದೆ?"

"ಹೆತ್ತಿದ್ದು ನಾಲ್ಕು" ಎಂದೆ.

ಅವಳ ಎರಡನೆಯ ಹೆರಿಗೆಯ ಕೂಸು ಎರಡೇ ದಿನ ಬದುಕಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟವಳು ನಾನು. ನನಗಾಗ ಹದಿಮೂರು.

"ಅಯ್ಯೋ, ಅದು ಹೆಣ್ಣು. ಅದನ್ನ ಯಾಕೆ ಈಗ ಎತ್ತುತ್ತೀಯ" ಎಂದು ಅಕ್ಕ ಒಲೆಯ ಕಡೆ ತಿರುಗಿದಳು.

ಇಪ್ಪತ್ತು ವರ್ಷ ಗಂಟಲು ಹರಿದುಕೊಂಡು ನಿಜ ಹೇಳಿದ ಬಾಯಿ ನನ್ನದು. ಆ ಬಾಯಿಂದಲೇ ಸುಳ್ಳು ಬಂತು.

"ಆಯ್ತು, ಕೊಡು. ಆದ್ರೆ ಅದು ಹೆಂಗಸರ ಮಾತ್ರೆ. ಗಂಡಸರು ತಿಂದ್ರೆ ಎದೆ ಬೆಳೆಯುತ್ತೆ."

ಅಕ್ಕನ ಕೈಯಿಂದ ಸೌಟು ಬಿತ್ತು.

ಅಕ್ಕನ ಬಾಯಿಂದ ಸುದ್ದಿ ರಾತ್ರಿಯೇ ಊರು ಸುತ್ತಿತ್ತು. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬೀಗ ತೆಗೆಯುವ ಮೊದಲೇ ಬೆಂಚು ಭರ್ತಿ. ಹನ್ನೊಂದು ಮಂದಿ ಅತ್ತೆಯರು. ಸೊಸೆಯನ್ನು ಕರೆತಂದವಳು ಒಬ್ಬಳೂ ಇಲ್ಲ. ಎಲ್ಲರ ಸೆರಗಿನ ಮರೆಯಲ್ಲೂ ಒಂದೊಂದು ಡಬ್ಬಿ.

"ಎಷ್ಟು ತಿಂದ್ರೆ ಬರುತ್ತೆ ಸಿಸ್ಟರ್?"

"ನಮ್ಮ ಯಜಮಾನ್ರಿಗೆ ಅರವತ್ತೆರಡು. ಆ ವಯಸ್ಸಲ್ಲೂ ಬರುತ್ತಾ?"

"ನನ್ನ ಮಗನ ಅಂಗಿ ಬಿಗಿ ಆಗ್ತಿದೆ ಅಂತ ನಾನು ಅಂದ್ಕೋತಾನೇ ಇದ್ದೆ."

ನನ್ನ ನೂರಕ್ಕೆ ನೂರು ಅಲ್ಲಿ ಸಾಲಾಗಿ ಕುಳಿತಿತ್ತು. ಖಾಲಿ ಡಬ್ಬಿ ಕೇಳಿದ ನಾನು, ಖಾಲಿ ಮಾಡಿದ್ದು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ. ಥೂ, ನನ್ನ ನರ್ಸ್‌ಗಿರಿಗಿಷ್ಟು. ಸೊಸೆಗೆ ಏನಾಗುತ್ತದೆ ಎಂದು ಆ ಹನ್ನೊಂದು ಬಾಯಲ್ಲಿ ಒಂದಾದರೂ ಕೇಳುತ್ತದೇನೋ ಎಂದು ಕಾದೆ. ಕೇಳಲಿಲ್ಲ. ಸುಳ್ಳಿಗೆ ಬಾಲ ಕಟ್ಟಿದೆ.

"ಪರಿಹಾರ ಇದೆ. ಇನ್ಮೇಲೆ ದಿನಾ ಸೊಸೆ ನುಂಗಬೇಕು, ಒಂದೂ ತಪ್ಪದ ಹಾಗೆ. ಅವಳು ನುಂಗಿದ್ರೆ ಇವರದ್ದು ಇಳಿಯುತ್ತೆ."

ಯಾವಳೂ ಅದು ಹೇಗೆ ಎಂದು ಕೇಳಲಿಲ್ಲ. ಹದಿನೈದು ಸತ್ವದ ಬಗ್ಗೆ ಹೇಳಿದಾಗ ಮಾತ್ರ ಇವರಿಗೆ ನೂರೆಂಟು ಅನುಮಾನ.

ಅಂದಿನಿಂದ ಅಕ್ಕ ದಿನಾ ಬೆಳಿಗ್ಗೆ ನೀರಿನ ಲೋಟ ಹಿಡಿದು ಸೊಸೆಯ ಎದುರು ನಿಲ್ಲುತ್ತಿದ್ದಳಂತೆ. ನುಂಗಿದ ಮೇಲೆ ನಾಲಿಗೆ ಎತ್ತಿಸಿಯೂ ನೋಡುತ್ತಿದ್ದಳಂತೆ. ಐದು ವಾರ ಕಳೆದು ಅಕ್ಕ, ಮಗ, ಸೊಸೆ ಮೂವರೂ ಪರೀಕ್ಷೆಗೆ ಬಂದರು.

"ಒಂಬತ್ತೂಮುಕ್ಕಾಲು" ಎಂದು ಚೀಟಿಯನ್ನು ಅಕ್ಕನಿಗೆ ಕೊಟ್ಟೆ. ಅವಳು ಅದರ ಕಡೆ ಕಣ್ಣು ಹಾಯಿಸಲಿಲ್ಲ. ಮಗನ ಅಂಗಿಯ ಗುಂಡಿ ಬಿಚ್ಚಿಸಿ ನನ್ನ ಮುಂದೆ ನಿಲ್ಲಿಸಿದಳು.

"ಇಳಿದಿದೆಯಾ ನೋಡು."

"ಇಳಿದಿದೆ. ಆದ್ರೆ ಹೆರಿಗೆ ಆಗೋವರೆಗೂ ಇವಳಿಗೆ ತಪ್ಪಿಸ್ಬೇಡ. ಆಮೇಲೂ ಮೂರು ತಿಂಗಳು."

"ತಪ್ಪಿಸ್ತೀನಾ? ಮಗನ ಮಾನದ ಪ್ರಶ್ನೆ" ಎಂದು ಅಕ್ಕ ಅವನನ್ನು ಕರೆದುಕೊಂಡು ನಿಶ್ಚಿಂತೆಯಾಗಿ ಹೊರಗೆ ಹೋದಳು.

ಸೊಸೆ ಮಂಚದಿಂದ ನಿಧಾನವಾಗಿ ಇಳಿದಳು. ಅವಳ ತುಟಿಗೆ ಸ್ವಲ್ಪ ಬಣ್ಣ ಬಂದಿತ್ತು. ಖಾಲಿ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಚಿಕ್ಕಮ್ಮ, ಇದು ಹೆಣ್ಣಾದ್ರೆ, ಇದನ್ನ ಉಳಿಸೋಕೆ ಏನು ಸುಳ್ಳು ಹೇಳ್ತೀರಿ?"

ಹೊಸ ಡಬ್ಬಿಯನ್ನು ಅವಳ ಕೈಗೇ ಕೊಟ್ಟೆ.