ನೆರಳಿರಬೇಕಾದ ಜಾಗ

ಮಡಂತ್ಯಾರಿನಲ್ಲಿ ನಮ್ಮ ಓಣಿಯ ಯಾರ ಮನೆಗೆ ಎಕ್ಸ್‌ರೇ ಬಂದರೂ ಡಾಕ್ಟರಿಗಿಂತ ಮೊದಲು ನನಗೆ ತೋರಿಸುವುದು ರೂಢಿ. ಮೂಡುಬಿದಿರೆಯ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ, ಅಷ್ಟೇ ನನ್ನ ಅರ್ಹತೆ. ಬೇಡ ಎನ್ನುವ ಬುದ್ಧಿ ನನಗೆ ಬರಲಿಲ್ಲ. ಶುಭಶ್ರೀ ಟೀಚರಿಗೆ ಎಲ್ಲ ಗೊತ್ತುಂಟು ಎಂದು ಜನ ಹೇಳುವುದು ಕಿವಿಗೆ ಹಿತವಾಗಿತ್ತು.

ಪಕ್ಕದ ಮನೆಯ ನಸೀಬಾ ನನ್ನ ಹಳೆಯ ವಿದ್ಯಾರ್ಥಿನಿ. ಗಂಡ ಅಸ್ಕರ್ ದಮ್ಮಾಮಿನಲ್ಲಿ ಕೆಲಸದಲ್ಲಿದ್ದಾನೆ. ನಾಲ್ಕು ವರ್ಷದ ಹಿಂದೆ ಅವಳ ಮೂರು ತಿಂಗಳ ಮಗ ಹಿಶಾಮನಿಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ. ಬೆಳ್ತಂಗಡಿಯಲ್ಲಿ ಎಕ್ಸ್‌ರೇ ತೆಗೆಸಿ ನೇರ ನನ್ನಲ್ಲಿಗೆ ತಂದಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

"ಏನೂ ಇಲ್ಲ ಮಾರಾಯ್ತಿ, ಕ್ಲೀನ್ ಉಂಟು."

ಮಂಗಳೂರಿಗೆ ಕರೆದುಕೊಂಡು ಹೋಗಲೇ ಎಂದು ಕೇಳಿದಳು. ಕೆಮ್ಮಿಗೆಲ್ಲ ಅಷ್ಟು ದೂರ ಯಾಕೆಂದು ಗದರಿಸಿದೆ. ಹದಿನೆಂಟು ದಿನ ಕಳೆದು ಅಲ್ಲಿಗೆ ಹೋದಾಗ ಮಗು ಉಸಿರಿಗೆ ಒದ್ದಾಡುತ್ತಿತ್ತು. ಜೊತೆಗೆ ನಾನೂ ಹೋಗಿದ್ದೆ.

ಅಲ್ಲಿಯ ಡಾಕ್ಟರಮ್ಮ ಆ ಹಳೆಯ ಫಿಲ್ಮನ್ನು ಬಹಳ ಹೊತ್ತು ನೋಡಿದರು. ನಸೀಬಾ ಒಳಗೆ ಮಗುವಿನ ಬಳಿ ಇದ್ದಳು. ಎಳೆಯ ಮಗುವಿನ ಹೃದಯದ ಮೇಲೆ ಥೈಮಸ್ ಗ್ರಂಥಿ ಬೆಳ್ಳಗಿನ ನೆರಳಾಗಿ ಕಾಣಬೇಕು, ಇದರಲ್ಲಿ ಅದೇ ಇಲ್ಲ ಎಂದರು. ಮೂಳೆಯ ಮಜ್ಜೆಯಿಂದ ಹೊರಟ ಎಳೆಯ ಜೀವಕೋಶಗಳು ಆ ಗ್ರಂಥಿಗೆ ಬರುತ್ತವೆ. ಬರುವಾಗ ಅವುಗಳ ಮುಂದೆ ಇನ್ನೂ ಹಲವು ದಾರಿಗಳಿರುತ್ತವೆ. ಗ್ರಂಥಿಯ ಕೋಶಗಳು ಮುಟ್ಟಿ ಮುಟ್ಟಿ ಸೂಚನೆ ಕೊಟ್ಟ ಹಾಗೆ ಒಂದೊಂದೇ ದಾರಿ ಮುಚ್ಚುತ್ತದೆ. ಕೊನೆಗೆ ಹಿಂದಿರುಗಲಾಗದ ಒಂದು ಹಂತ ದಾಟಿ ಅವು ರೋಗದೊಡನೆ ಹೋರಾಡುವ ಟಿ ಕೋಶಗಳೇ ಆಗುತ್ತವೆ. ಹಿಶಾಮನ ಕೋಶಗಳು ಆ ಹಂತಕ್ಕೆ ಮೊದಲೇ ಸಾಯುತ್ತಿದ್ದವು. ತುಂಬುವವರಿಲ್ಲದೆ ಗ್ರಂಥಿ ಬೆಳೆದೇ ಇರಲಿಲ್ಲ.

ಇದನ್ನು ನಾನೇ ನಸೀಬಾಳಿಗೆ ಕಲಿಸಿದ್ದೆ, ಒಂದೇ ವಾಕ್ಯದಲ್ಲಿ, ಎರಡು ಅಂಕಕ್ಕೆ.

ಹಿಶಾಮ್ ಹೋದ. ಮಗುವಿಗೆ ಟಿ ಕೋಶ ಇರಲಿಲ್ಲವೆಂದು ಅವಳಿಗೆ ಡಾಕ್ಟರಮ್ಮ ಹೇಳಿದರು. ಫಿಲ್ಮಿನ ವಿಷಯ ನಾನು ಹೇಳಲಿಲ್ಲ. ಅಂದಿನಿಂದ ಆ ಪಾಠ ಬಂದಾಗ ನನ್ನ ಕೈ ಬೋರ್ಡಿನ ಮೇಲೆ ನಿಂತುಬಿಡುತ್ತದೆ. ಬಸ್ಸಿನ ಗಾಜಿನಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ ಆ ಪುಟ್ಟ ಪಕ್ಕೆಲುಬುಗಳು ಕಾಣುತ್ತವೆ, ನಡುವೆ ಆ ಖಾಲಿ ಜಾಗ. ಹಾಡುಹಗಲಲ್ಲೇ ನನಗೆ ಹೆದರಿಕೆಯಾಗುತ್ತದೆ.

ಈ ವರ್ಷ ಅವಳಿಗೆ ಮಗಳು ಹುಟ್ಟಿದಳು, ರಿಫಾ. ಏಳನೇ ದಿನ ಕೂದಲು ತೆಗೆಯುವ ಕಾರ್ಯವನ್ನು ಮುಂದೆ ಹಾಕಿ, ನೆಂಟರ ಮಡಿಲಿಗೂ ಕೊಡದೆ, ನಸೀಬಾ ಮಗುವಿನೊಂದಿಗೆ ಕೋಣೆಯಲ್ಲೇ ಉಳಿದಳು. ಇವಳಿಗಾದರೂ ಟಿ ಕೋಶ ಉಂಟೇ ಎಂದು ಮಾಡಿಸಿದ ರಕ್ತಪರೀಕ್ಷೆಯ ವರದಿಗೆ ಇನ್ನೂ ಎರಡು ದಿನವಿತ್ತು. ಎಕ್ಸ್‌ರೇ ಮೊದಲು ಸಿಕ್ಕಿತು. ಅದನ್ನು ಹಿಡಿದುಕೊಂಡು ಎಂದಿನಂತೆ ನನ್ನ ಮನೆಗೇ ಬಂದಳು. ಅಲ್ಮೇರಾದಲ್ಲಿಟ್ಟಿದ್ದ ಹಿಶಾಮನ ಫಿಲ್ಮನ್ನೂ ತಂದಿದ್ದಳು. ಎರಡನ್ನೂ ನನ್ನ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು.

"ಅವನದ್ದು ಕ್ಲೀನ್ ಇತ್ತಲ್ಲ ಟೀಚರ್, ಆದರೂ ಹೋದ. ಇವಳ ಹೃದಯದ ಮೇಲೆ ಇಷ್ಟು ದೊಡ್ಡ ಬಿಳಿ ಉಂಟು. ಇವಳೂ ಹೋಗ್ತಾಳಾ?"

ನೋಡಿದೆ. ನೆರಳು ಇತ್ತು, ದೋಣಿಯ ಹಾಯಿಯಷ್ಟು ಸ್ಪಷ್ಟವಾಗಿ. ನನ್ನ ಕಣ್ಣು ತುಂಬಿತು. ಹೆದರಬೇಡವೆಂದು ಬೆನ್ನು ತಟ್ಟಿ ಕಳಿಸಬಹುದಿತ್ತು. ಆದರೆ ನನ್ನ ಬಾಯಿಮಾತಿಗೆ ಅವಳು ಒಮ್ಮೆ ಏನು ತೆತ್ತಿದ್ದಳೆಂದು ನನಗೊಬ್ಬಳಿಗೇ ಗೊತ್ತಿತ್ತು. ಕಾರಣ ಹೇಳದೆ ಅವಳ ಹೆದರಿಕೆ ಹೋಗುವಂತೆಯೂ ಇರಲಿಲ್ಲ.

"ಇದು ಇರಬೇಕು ನಸೀಬಾ. ಇದೇ ಥೈಮಸ್. ರಕ್ತದ ವರದಿ ಬರಲಿ, ಆದರೆ ಇದು ಒಳ್ಳೆಯ ಗುರುತು."

ಅವಳು ಉಸಿರು ಬಿಟ್ಟಳು. ಆಮೇಲೆ ನಿಧಾನವಾಗಿ ಇನ್ನೊಂದು ಫಿಲ್ಮಿನ ಕಡೆ ತಿರುಗಿದಳು.

"ಇವನದ್ದು ಎಲ್ಲಿ?"

ಬೆರಳಿಟ್ಟು ತೋರಿಸಿದೆ. "ಇಲ್ಲಿ ಇರಬೇಕಿತ್ತು. ನಾನು ನೋಡಲಿಲ್ಲ."

ಮಗಳ ಫಿಲ್ಮನ್ನು ಜೋಪಾನವಾಗಿ ಕವರಿಗೆ ಹಾಕಿಕೊಂಡು ಮೆಟ್ಟಿಲವರೆಗೆ ಹೋದಳು. ನಾನು ಇನ್ನೊಂದನ್ನು ಹಿಡಿದುಕೊಂಡು ಹಿಂದೆ ಹೋದೆ.

"ಅದು ನಿಮ್ಮ ಹತ್ತಿರವೇ ಇರಲಿ, ಟೀಚರ್," ಎಂದಳು.