ಹಿಮಕ್ಕೊಂದು ಅಡ್ಡ ಹಲಗೆ

"ಡುರ್‌ರ್‌ರ್... ಡುಗು ಡುಗು ಡುಗು... ಟುಸ್!"

ಲ್ಯಾನ್ಸ್‌ಲೊಟ್ ಬಾಯಲ್ಲೇ ಎಂಜಿನ್ ಶುರು ಮಾಡಿ ಬಾಯಲ್ಲೇ ನಿಲ್ಲಿಸಿದ. ನಿಜವಾದ ಎಂಜಿನ್ನಿಗೆ ಇನ್ನೂ ಯಾರೂ ಕೀಲಿ ಹಾಕಿರಲಿಲ್ಲ. ದೂಮಪ್ಪ ಅದರ ಹೊಟ್ಟೆಯಡಿ ಅಂಗಾತ ಬಿದ್ದುಕೊಂಡು, ಬೆರಳಿಗೆ ಹತ್ತಿದ ಎಣ್ಣೆಯನ್ನು ಮೂಸಿ ನೋಡುತ್ತಿದ್ದ.

"ಎಂತ ಮಾರಾಯ, ಹುಡುಗಿ ನೋಡ್ಲಿಕ್ಕೆ ಬಂದವ ಸಹ ಇಷ್ಟು ನೋಡುದಿಲ್ಲ."

"ಹುಡುಗಿ ಆದ್ರೆ ಅವಳೂ ನನ್ನನ್ನು ನೋಡಿ ಬೇಡ ಅಂತಿದ್ಲು. ಇದಕ್ಕೆ ಬಾಯಿಲ್ಲ, ನಾನೇ ನೋಡ್ಬೇಕಲ್ಲ," ಎಂದು ಅಡಿಯಿಂದ ದನಿ ಬಂತು.

ಸಿಡ್ನಿಯ ಪಶ್ಚಿಮಕ್ಕೆ, ಪೆನ್ರಿತ್ ದಾಟಿದ ಮೇಲೆ ಸಿಗುವ ಹಳೇ ಯಂತ್ರಗಳ ಅಂಗಳ ಅದು. ಲ್ಯಾನ್ಸ್‌ಲೊಟ್ ತನ್ನ ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ಹುಷಾರಿಲ್ಲವೆಂದು ಫೋನು ಮಾಡಿ, ಹಾಗೆ ಮಾಡುವಾಗ ನಾಲ್ಕು ಥರದ ಕೆಮ್ಮು ಕೆಮ್ಮಿ, ಮೆಲ್ಬರ್ನಿನಿಂದ ಬಂದ ಗೆಳೆಯನನ್ನು ಕಾರಿನಲ್ಲಿ ಕರೆತಂದಿದ್ದ. ಮಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಒಂದೇ ಬೆಂಚು ಸವೆಸಿದವರು. ಒಬ್ಬನ ಮನೆಮಾತು ಕೊಂಕಣಿ, ಇನ್ನೊಬ್ಬನದು ತುಳು. ಬೆಂಚಿನ ಮೇಲೆ ಹುಟ್ಟಿದ ಕನ್ನಡವೇ ಇಂದಿಗೂ ಇಬ್ಬರ ನಡುವೆ ಉಳಿದಿತ್ತು.

ಅವರ ಮುಂದಿದ್ದದ್ದು ಕೆಂಪು ಬಣ್ಣದ ದೈತ್ಯ. ಚಕ್ರಗಳ ಬದಲು ಅಗಲವಾದ ರಬ್ಬರ್ ಪಟ್ಟೆ, ಒಳಗೆ ಹೀಟರ್ ಇರುವ ಗಾಜಿನ ಕೋಣೆ, ಹಿಂದೆ ಹಿಮವನ್ನು ಹುಡಿ ಮಾಡಿ ಹಾಸುವ ಉರುಳೆ. ದೊಡ್ಡ ಹಿಮಬೆಟ್ಟಗಳ ಇಳಿಜಾರು ಸಮ ಮಾಡಲು ಇಂಥದೇ ಬೇಕು. ದೂಮಪ್ಪನಿಗೆ ಬೇಕಾಗಿದ್ದದ್ದು ಬೆಟ್ಟಕ್ಕಲ್ಲ, ಒಂಬತ್ತು ಕಿಲೋಮೀಟರ್ ಕಾಡುದಾರಿಗೆ. ಮೆಲ್ಬರ್ನಿನಿಂದ ನಾಲ್ಕು ತಾಸು ದೂರದ ಮಲೆಯ ಮೇಲೆ ಮಾರ್ಜ್ ಎಂಬ ಅರವತ್ತು ದಾಟಿದ ಹೆಂಗಸಿಗೆ ಸ್ವಂತದ ಜಾಗ, ಒಂದು ಲಾಡ್ಜು, ಮರಗಳ ನಡುವೆ ಸುತ್ತಿ ಬರುವ ಆ ದಾರಿ ಇದ್ದವು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಹೋಗುವವರಿಗೆ ಅದು ತಯಾರಾಗಬೇಕು: ಮೇಲ್ಮೈ ಸಮವಾಗಿರಬೇಕು, ಅದರಲ್ಲಿ ರೈಲು ಹಳಿಯ ಹಾಗೆ ಎರಡು ಗೆರೆ ಕೊರೆದಿರಬೇಕು.

ದೂಮಪ್ಪ ದುಡಿಯುತ್ತಿದ್ದ, ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನಿನ ಟ್ರ್ಯಾಕ್ಟರ್ ವರ್ಕ್‌ಶಾಪಿನ ಯಜಮಾನ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚುವವನಿದ್ದ. ಬಾಗಿಲು ಮುಚ್ಚಿದರೆ ವೀಸಾ ಕೂಡ ಮುಚ್ಚಿದ ಹಾಗೆ. ಮಾರ್ಚಿನಲ್ಲಿ ಮಾರ್ಜಳ ಟ್ರ್ಯಾಕ್ಟರ್ ರಿಪೇರಿಗೆ ಹೋದವನಿಗೆ ಅವಳು ಹೇಳಿದ್ದಳು: ಮಶೀನನ್ನು ನೀನೇ ಆರಿಸು. ಜುಲೈಯ ಚಳಿಗಾಲದ ಶಾಲಾ ರಜೆಗೆ ದಾರಿ ತೆರೆದು, ನಿನ್ನಿಂದ ಇದು ಆಗುತ್ತದೆ ಎಂದು ನನಗನಿಸಿದರೆ ಕೆಲಸ ಖಾಯಂ. ವೀಸಾದ ಸ್ಪಾನ್ಸರ್ ಕಾಗದಕ್ಕೆ ಸಹಿ ಹಾಕುತ್ತೇನೆ. ಇಲ್ಲದಿದ್ದರೆ ಇಲ್ಲ.

"ಇದನ್ನೇ ತಗೋ," ಎಂದ ಲ್ಯಾನ್ಸ್‌ಲೊಟ್. "ಒಳಗೆ ಹೀಟರ್ ಉಂಟು, ರೇಡಿಯೋ ಉಂಟು. ಇದರಲ್ಲಿ ಕೂತ್ರೆ ಇಮಿಗ್ರೇಶನ್‌ನವರೇ ಎದ್ದು ನಿಲ್ತಾರೆ."

ದೂಮಪ್ಪ ಹೊರಗೆ ಬಂದು ಎರಡು ಕೈ ಚಾಚಿ ಯಂತ್ರದ ಅಗಲವನ್ನು ಮಾರಿನಲ್ಲಿ ಅಳೆದ. ಎರಡು ಮಾರು ತುಂಬಿ ಮೇಲೆ ಒಂದು ಗೇಣು. ಮಾರ್ಜಳ ದಾರಿಯನ್ನೂ ಅವನು ಹೀಗೇ ಅಳೆದಿದ್ದ. ಕೆಲವು ಕಡೆ ಎರಡು ಮಾರಿಗೂ ಕಡಿಮೆ. ಈ ದೈತ್ಯ ನುಗ್ಗಿದರೆ ಮರಗಳ ತೊಗಟೆ ಸುಲಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಬೀಳುವ ಹಿಮ ಮೊಣಕಾಲು ಮುಟ್ಟಿದರೆ ಪುಣ್ಯ. ಇದರ ಭಾರಕ್ಕೆ ಹಿಮದ ಜೊತೆ ಅಡಿಯ ಹುಲ್ಲೂ ಮಣ್ಣೂ ಎದ್ದು ಬರುತ್ತವೆ.

ಬೇಡವೆನ್ನಲು ಮನಸ್ಸು ಬರಲಿಲ್ಲ. ಗಾಜಿನ ಕೋಣೆಯಲ್ಲಿ ಕೂತ ತನ್ನ ಫೋಟೋ ಮಗಳು ಶ್ರದ್ಧಾ ಶಾಲೆಗೆ ಒಯ್ಯುವುದನ್ನು ಅವನು ಆಗಲೇ ಕಂಡುಬಿಟ್ಟಿದ್ದ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಬೇಲಿಯ ಕಡೆ ಹೋದವನು ಅಲ್ಲೇ ನಿಂತ.

ಹುಲ್ಲಿನಲ್ಲಿ ಹಳೆಯದೊಂದು ಸ್ನೋಮೊಬೈಲು, ಅಂದರೆ ಹಿಮದ ಮೇಲೆ ಓಡುವ ಮೋಟರ್‌ಸೈಕಲ್ಲಿನಂಥದು, ಮಗುಚಿ ಬಿದ್ದಿತ್ತು. ಅದರ ಪಕ್ಕ ಒಂದು ಕಬ್ಬಿಣದ ಚೌಕಟ್ಟು. ಚೌಕಟ್ಟಿನಡಿ ಅಡ್ಡಕ್ಕೆ ಕೂರಿಸಿದ ದಪ್ಪ ಹಲಗೆಗಳು, ಹಿಂದೆ ಬಾಚಣಿಗೆಯ ಹಲ್ಲು, ಕೊನೆಗೆ ಹಳಿ ಕೊರೆಯುವ ಎರಡು ಕಬ್ಬಿಣದ ಪಾದ.

"ಲ್ಯಾನ್ಸಿ, ಇಲ್ಲಿ ಬಾ. ಇದು ಎಂತ ಗೊತ್ತುಂಟಾ? ನಮ್ಮ ಅಡ್ಡ ಹಲಗೆ!"

ನೇಜಿ, ಅಂದರೆ ಭತ್ತದ ಸಸಿ, ನೆಡುವ ಮೊದಲು ಕೋಣಗಳ ಹಿಂದೆ ಕಟ್ಟಿ ಗದ್ದೆ ಸಮ ಮಾಡುವ ಹಲಗೆ. ಹನ್ನೆರಡನೇ ವಯಸ್ಸಿಗೆ ದೂಮಪ್ಪನನ್ನು ಅದರ ಮೇಲೆ ನಿಲ್ಲಿಸಿದವರು ಅವನ ಸೋದರಮಾವ. ದಿಬ್ಬ ಬಂದಾಗ ಭಾರ ಮುಂದೆ ಹಾಕಬೇಕು, ತಗ್ಗು ಬಂದಾಗ ಹಿಂದೆ. ಅವನು ಆ ಚೌಕಟ್ಟಿನ ಮೇಲೆ ಹತ್ತಿ ನಿಂತ. ಪಾದ ತನ್ನಷ್ಟಕ್ಕೇ ಮುಂದೆ ಹಿಂದೆ ಆಯಿತು.

ಲ್ಯಾನ್ಸ್‌ಲೊಟ್ ಸೊಂಟಕ್ಕೆ ಕೈ ಕೊಟ್ಟು, ಒಮ್ಮೆ ಫೋನಿನಲ್ಲಿ ಮಾತ್ರ ಕೇಳಿದ್ದ ಮಾರ್ಜಳ ಮೂಗಿನ ದನಿ ಎಳೆದ: "ಡೂಮಾಆ, ಡಾರ್ಲಿಂಗ್! ನಾನು ಮಶೀನು ಕೇಳಿದ್ದು, ನೀನು ನನಗೆ ಗೇಟು ತಂದ್ಯಾ?" ಆಮೇಲೆ ತನ್ನದೇ ದನಿಯಲ್ಲಿ ಹೇಳಿದ, "ಬೇಡ ಮಾರಾಯ. ಪಿಆರ್ ವಿಷಯ ಇದು, ಈ ದೇಶದಲ್ಲಿ ಖಾಯಂ ಉಳಿಯುವ ವಿಷಯ. ತಮಾಷೆ ಅಲ್ಲ."

"ನಾನೆಲ್ಲಿ ತಮಾಷೆ ಮಾಡಿದೆ? ಮಾಡಿದ್ದು ನೀನು."

ವಾಪಸು ಬರುವಾಗ ಹ್ಯಾರಿಸ್ ಪಾರ್ಕಿನ ಹೋಟೆಲಿನಲ್ಲಿ ದೋಸೆ ತಿನ್ನುವಾಗಲೂ ಅದೇ ಚರ್ಚೆ. ಲ್ಯಾನ್ಸ್‌ಲೊಟ್ ದೈತ್ಯನ ಪರ ಮೂರು ದೋಸೆಯಷ್ಟು ಹೊತ್ತು ವಾದಿಸಿದ. ದೂಮಪ್ಪ ಒಂದನ್ನೇ ಮುಗಿಸಿ ಕೈ ತೊಳೆದು ಬಂದು, ಅಂಗಳದವನಿಗೆ ಫೋನು ಮಾಡಿ ಸ್ನೋಮೊಬೈಲೂ ಚೌಕಟ್ಟೂ ತನಗೆ ಎಂದ.

ಕ್ರಾನ್‌ಬರ್ನಿನ ಮನೆಯಲ್ಲಿ ಹೆಂಡತಿ ಜಲಜಾಕ್ಷಿ ಕೇಳಿದಳು, "ದೊಡ್ಡದು ಯಾಕೆ ಬೇಡ ಅಂದ್ರಿ? ಅವರ ದುಡ್ಡು, ಅವರ ಮಶೀನು. ನಿಮಗೆ ಕೆಲಸ ಆಗ್ಬೇಕಷ್ಟೆ."

"ದೊಡ್ಡದು ತಂದ್ರೆ ಆಗಸ್ಟಿಗೆ ದಾರಿಯೇ ಇರುದಿಲ್ಲ. ಮತ್ತೆ ಕೆಲಸ ಎಲ್ಲಿಂದ?"

ಶ್ರದ್ಧಾ ಟಿವಿಯಿಂದ ಕಣ್ಣು ತೆಗೆಯದೆ, "ಪಪ್ಪಾ, ಆರ್ ವೀ ಸ್ಟೇಯಿಂಗ್ ಆರ್ ನಾಟ್?" ಎಂದಳು. "ಇಲ್ಲೇ ಇರುದೋ ಹೋಗುದೋ, ಹಿಮ ಬಿದ್ದ ಮೇಲೆ ಹೇಳ್ತೇನೆ ಮಗಾ," ಎಂದು ಅವನು ಬೂಟು ಬಿಚ್ಚಿದ.

ರಜೆ ಶುರುವಾಗುವ ವಾರ ಹಿಮ ಬಿತ್ತು. ಲಾರಿಯಿಂದ ಇಳಿದದ್ದನ್ನು ಮಾರ್ಜ್ ಒಂದು ಸುತ್ತು ಹಾಕಿ ನೋಡಿ, "ಇದು ಗೇಟಲ್ಲವಾ, ಡೂಮಾ?" ಎಂದಾಗ ದೂಮಪ್ಪನಿಗೆ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ನಗಲಿಲ್ಲ. ಗುರುವಾರ ಮಧ್ಯಾಹ್ನ ಚೌಕಟ್ಟಿನ ಮೇಲೆ ಎರಡು ಮರಳುಮೂಟೆ ಹೇರಿ, ಸ್ನೋಮೊಬೈಲಿನ ಹಿಂದೆ ಕಟ್ಟಿ, ಒಂದು ಕಿಲೋಮೀಟರ್ ಎಳೆದು ತೋರಿಸಿದ. ಹಿಮ ಸೋಸಿದ ಅಕ್ಕಿಹಿಟ್ಟಿನಂತೆ ಹಾಸಿಕೊಂಡಿತು. ಮಾರ್ಜ್ ಬಗ್ಗಿ ಅಂಗೈ ಸವರಿ, "ನಾಟ್ ಬ್ಯಾಡ್," ಎಂದು ಒಳಗೆ ಹೋದಳು. ದೂಮಪ್ಪ ಸ್ನೋಮೊಬೈಲನ್ನು ಶೆಡ್ಡಿಗೆ ಸೇರಿಸಿ, ಹಲಗೆಯನ್ನು ದಾರಿಯ ಬಾಯಲ್ಲೇ ಬಿಟ್ಟು, ಹುರುಪಿನಲ್ಲಿ ಮಲಗಿದ.

ಶುಕ್ರವಾರ ಬೆಳಿಗ್ಗೆ ಹಲಗೆ ಅಲ್ಲಾಡಲಿಲ್ಲ.

ಸ್ನೋಮೊಬೈಲು ಕಿರುಚಿತು, ಹಿಂದಿನ ಪಟ್ಟೆ ನಿಂತಲ್ಲೇ ತಿರುಗಿ ಹಿಮ ಉಗುಳಿತು, ಕೊಂಡಿ ಬಾಗಿತು. ಚೌಕಟ್ಟು ನೆಲದೊಂದಿಗೆ ಒಂದೇ ಗಡ್ಡೆಯಾಗಿ ಹೆಪ್ಪುಗಟ್ಟಿತ್ತು. ನಾಳೆ ಬೆಳಿಗ್ಗೆ ಮೂವತ್ತು ಜನ ಬರುವವರಿದ್ದರು. ಎಂಟು ಕಿಲೋಮೀಟರ್ ಹಾಗೇ ಬಿದ್ದಿತ್ತು.

ಮಾರ್ಜ್ ಕಾಫಿಯ ಮಗ್ ಹಿಡಿದು ಬಂದು ನಿಂತಳು. "ಸಿಡ್ನಿಯಲ್ಲಿ ಬೇಡವೆಂದೆ ಅಂದಿದ್ದೆಯಲ್ಲ, ಆ ಕೆಂಪು ಮಶೀನಿಗೆ ಹೀಗಾಗುತ್ತಿತ್ತಾ?"

ಚಳಿ ಜಾಸ್ತಿಯಾಯಿತು ಎನ್ನಬಹುದಿತ್ತು. ಕಬ್ಬಿಣ ಹಳೆಯದು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಎರಡೂ ಬಂದವು.

"ಹಲಗೆಯದ್ದು ತಪ್ಪಿಲ್ಲ, ತಪ್ಪು ನನ್ನದು," ಎಂದು ದೂಮಪ್ಪ ತನ್ನ ಇಂಗ್ಲಿಷಿನಲ್ಲಿ ನಿಧಾನಕ್ಕೆ ಹೇಳಿದ. "ನಮ್ಮ ಊರಲ್ಲಿ ಇಂಥದು ಮರದ್ದು. ಕೆಲಸ ಮುಗಿದ ಮೇಲೆ ಗದ್ದೆಯ ಕೆಸರಿನಲ್ಲೇ ಬಿಡುತ್ತೇವೆ. ಮೇಲೆ ಎತ್ತಿಟ್ಟರೆ ಬಿಸಿಲಿಗೆ ಸೀಳುತ್ತದೆ. ಕೆಸರಲ್ಲಿದ್ದರೆ ತಂಪಾಗಿರುತ್ತದೆ. ನಿನ್ನೆ ನನ್ನ ಕೈ ಹಾಗೇ ಬಿಟ್ಟುಬಿಟ್ಟಿತು. ಇಲ್ಲಿ ಎತ್ತಿಡಬೇಕಿತ್ತು."

ಮಾರ್ಜ್ ಕಾಫಿ ಕುಡಿದು ಮುಗಿಸಿದಳು. ಖಾಲಿ ಮಗ್ ಹಿಡಿದು ಲಾಡ್ಜಿನ ಕಡೆ ನಡೆದಳು.

ಬಿಸಿನೀರು ಸುರಿಯುವ ಆಸೆಯಾಯಿತು. ಅದು ಮತ್ತೆ ಹೆಪ್ಪುಗಟ್ಟಿದರೆ ಇನ್ನೂ ಕಷ್ಟವೆಂದು ಸುಮ್ಮನಾದ. ಗುದ್ದಲಿಯಲ್ಲಿ ಸುತ್ತಲೂ ಕೆತ್ತಿದ. ಟ್ರ್ಯಾಕ್ಟರಿನ ಜಾಕನ್ನು ಒಂದೊಂದೇ ಮೂಲೆಗೆ ಕೊಟ್ಟು, ಒಂದೊಂದು ಬೆರಳಿನಷ್ಟು ಎತ್ತಿದ. ಹನ್ನೊಂದರ ಬಿಸಿಲಿಗೆ ಕೊನೆಯ ಮೂಲೆ ಹಲ್ಲು ಕಿತ್ತ ಸದ್ದು ಮಾಡಿ ಬಿಟ್ಟುಕೊಟ್ಟಿತು. ಬಾಚಣಿಗೆಯ ಬಾಗಿದ ಎರಡು ಹಲ್ಲನ್ನೂ ಕೊಂಡಿಯನ್ನೂ ಸುತ್ತಿಗೆಯಲ್ಲಿ ನೇರ ಮಾಡುವಷ್ಟರಲ್ಲಿ ಎರಡು ಗಂಟೆ. ಅಷ್ಟರಲ್ಲಿ ಸಿಡ್ನಿಯಿಂದ ಲ್ಯಾನ್ಸ್‌ಲೊಟ್ ಫೋನು ಮಾಡಿದ.

"ಹೇಗುಂಟು ಹಿಮದ ಮಹಿಮೆ?"

"ಮತ್ತೆ ಹೇಳ್ತೇನೆ. ಇಡು."

ಲ್ಯಾನ್ಸ್‌ಲೊಟ್ ಯಾರ ದನಿಯನ್ನೂ ಅನುಕರಿಸದೆ ಇಟ್ಟುಬಿಟ್ಟ.

ಮರಗಳ ನೆರಳು ದಾರಿಗೆ ಅಡ್ಡ ಬಿದ್ದು ಹಿಮ ಬಿಗಿಯತೊಡಗಿದಾಗ ದೂಮಪ್ಪ ಹೊರಟ. ತಿರುವಿನಲ್ಲಿ ನಿಧಾನ, ದಿಬ್ಬದಲ್ಲಿ ಇಳಿದು ಮರಳುಮೂಟೆಯನ್ನು ಮುಂದಕ್ಕೆ ತಳ್ಳುವುದು, ತಗ್ಗಿನಲ್ಲಿ ಹಿಂದಕ್ಕೆ ಎಳೆಯುವುದು. ಕಿರಿದಾದ ಕಡೆ ಕೊಂಬೆಗಳು ಹೆಗಲು ಸವರಿದವು, ಒಂದೂ ಮುರಿಯಲಿಲ್ಲ. ಹಿಂತಿರುಗಿ ನೋಡಿದಾಗಲೆಲ್ಲ ಎರಡು ಗೆರೆ ಅವನನ್ನು ಬಿಡದೆ ಹಿಂಬಾಲಿಸಿ ಬರುತ್ತಿದ್ದವು.

ಒಂಬತ್ತನೇ ಕಿಲೋಮೀಟರ್ ಮುಗಿಸಿ ದಾರಿಯ ಬಾಯಿಗೆ ಬರುವಾಗ ಮಾರ್ಜ್ ಕಾಲಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದಳು. ಒಂದು ಸುತ್ತು ಹೋಗಿ ನೋಡುವ ಉತ್ಸಾಹ. ದೂಮಪ್ಪ ಎಂಜಿನ್ ಆಫ್ ಮಾಡಿ, ಓಡಿ ಹೋಗಿ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತ. ಸಹಿ ಹಾಕಬೇಕಾದ ಕೈಯ ಎದುರೇ ನಿಂತಿದ್ದೇನೆಂದು ನಿಂತ ಮೇಲೆ ಹೊಳೆಯಿತು.

"ಈಗ ಬೇಡ, ಮಾರ್ಜ್. ಹಲಗೆ ಹೊಡೆದ ಗದ್ದೆಗೆ ಅದೇ ದಿನ ಯಾರೂ ಇಳಿಯುವುದಿಲ್ಲ. ಇದು ಕೂರಬೇಕು. ಬೆಳಿಗ್ಗೆ ಗಟ್ಟಿಯಾಗುತ್ತದೆ. ಈಗ ಇಳಿದರೆ ಗೆರೆ ಕುಸಿಯುತ್ತದೆ."

"ಇದು ನನ್ನ ದಾರಿ, ಡೂಮಾ."

"ಹೌದು. ಬೆಳಿಗ್ಗೆಯವರೆಗೆ ನನ್ನದು."

ಅವಳು ಅವನನ್ನೂ, ಅವನ ಹಿಂದಿನ ಗೆರೆಗಳನ್ನೂ ನೋಡಿದಳು. ಕಟ್ಟಿಕೊಂಡದ್ದನ್ನು ಬಿಚ್ಚಿ ಬಗಲಲ್ಲಿ ಇಟ್ಟುಕೊಂಡು ನಡೆದಳು. ಅವನು ದಾರಿಯ ಬಾಯಿಗೆ ಒಂದು ಹಗ್ಗ ಕಟ್ಟಿದ. ಸ್ನೋಮೊಬೈಲನ್ನು ಬೇರ್ಪಡಿಸಿ ಶೆಡ್ಡಿನಲ್ಲಿ ನಿಲ್ಲಿಸಿ, ಹಲಗೆಯಡಿ ಇಡಲು ಏನಾದರೂ ಸಿಗುತ್ತದೋ ಎಂದು ಹುಡುಕಿದ. ಹಳೇ ಟೈರೊಂದು ಸಿಕ್ಕಿತು. ಅದನ್ನು ಉರುಳಿಸಿಕೊಂಡು ಬಂದ.

ಮಾರ್ಜ್ ಅಲ್ಲಿದ್ದಳು. ಒಲೆಗೆಂದು ಕಡಿದಿಟ್ಟ ಎರಡು ದಿಮ್ಮಿಗಳನ್ನು ಹಲಗೆಯ ಎರಡೂ ಬದಿಗೆ ತಂದು ಹಾಕಿದ್ದಳು. ಕೈಗವಸು ಹಾಕಿಕೊಂಡು ಒಂದು ತುದಿಯನ್ನು ಹಿಡಿದು ಬಗ್ಗಿದ್ದಳು.

"ಮುಂದಿನ ಚಳಿಗಾಲಕ್ಕೆ ಇದಕ್ಕೊಂದು ಸರಿಯಾದ ಸ್ಟ್ಯಾಂಡ್ ವೆಲ್ಡ್ ಮಾಡು," ಎಂದಳು, ತಲೆ ಎತ್ತದೆ. "ಈಗ ಆ ಕಡೆ ಹಿಡಿ."

ದೂಮಪ್ಪ ಟೈರನ್ನು ಬಿಟ್ಟ. ಅದು ಸ್ವಲ್ಪ ದೂರ ತಾನೇ ಉರುಳಿ ಹೋಗಿ ಹಿಮದಲ್ಲಿ ಒರಗಿತು. ಅವನು ಆ ಕಡೆ ಹಿಡಿದ.